ಎಂಜಿನ್ನಿನ ಬದಿಯಲ್ಲಿ ಹನ್ನೊಂದು ವರ್ಷ

ನಾನು ಒಂದು ನಾಕ್ ಸೆನ್ಸರ್. ಈ ಹೆಸರು ಕೇಳಿದವರು ಕಡಿಮೆ, ಕೇಳಿ ನೆನಪಿಟ್ಟುಕೊಂಡವರು ಇನ್ನೂ ಕಡಿಮೆ. ಕಾರು ಕೊಳ್ಳಲು ಬರುವವರು ಬಣ್ಣ ನೋಡುತ್ತಾರೆ, ಸೀಟಿನ ಮೇಲೆ ಕುಳಿತು ಕುಲುಕಿ ನೋಡುತ್ತಾರೆ, ಬಾಗಿಲು ಹಾಕಿ ಅದರ ಸಪ್ಪಳಕ್ಕೆ ತಲೆದೂಗುತ್ತಾರೆ. ನನ್ನನ್ನು ಯಾರೂ ವಿಚಾರಿಸುವುದಿಲ್ಲ. ಅದಕ್ಕೆ ನನಗೇನೂ ಬೇಸರವಿಲ್ಲ. ಹನ್ನೊಂದು ವರ್ಷ ಮನುಷ್ಯರನ್ನು ಕೆಳಗಿನಿಂದ ನೋಡಿದ ಮೇಲೆ ಅವರ ಮೆಚ್ಚುಗೆಯ ಆಸೆ ಉಳಿದಿಲ್ಲ.

ನಾನು ಹುಟ್ಟಿದ್ದು ಊರಾಚೆಯ ಒಂದು ಕಾರ್ಖಾನೆಯಲ್ಲಿ. ಅಂಗೈಯಲ್ಲಿ ಅಡಗುವ ಗಾತ್ರ, ಉದ್ದಿನ ವಡೆಯಂತೆ ನಡುವೆ ತೂತು. ಹೊಟ್ಟೆಯೊಳಗೆ ಪಿಂಗಾಣಿಯ ಬಿಲ್ಲೆಯೊಂದಿದೆ. ಅದನ್ನು ಅದುಮಿದರೆ, ನಡುಗಿಸಿದರೆ ಸಣ್ಣಗೆ ವಿದ್ಯುತ್ತು ಏಳುತ್ತದೆ. ನನ್ನನ್ನು ಒಂದು ಟರ್ಬೊ ಪೆಟ್ರೋಲ್ ಎಂಜಿನ್ನಿನ ಮೈಗೆ, ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ನಡುವೆ ಬೋಲ್ಟ್ ಹಾಕಿ ಬಿಗಿದರು.

ನನ್ನ ಕೆಲಸ ಒಂದೇ. ಎಂಜಿನ್ನಿನೊಳಗೆ ಪೆಟ್ರೋಲು ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹತ್ತಿಕೊಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಉರಿಯಬೇಕು. ಆದರೆ ಟರ್ಬೊ ಗಾಳಿಯನ್ನು ಒತ್ತಿ ಒತ್ತಿ ತುಂಬುತ್ತದೆ. ಒತ್ತಡವೂ ಬಿಸಿಯೂ ಮಿತಿ ಮೀರಿದರೆ ಮೂಲೆಯಲ್ಲಿ ಉಳಿದ ಪೆಟ್ರೋಲು ತನ್ನ ಸರದಿಗೆ ಕಾಯದೆ ತಾನೇ ಸಿಡಿಯುತ್ತದೆ. ಆ ಪೆಟ್ಟು ಪಿಸ್ಟನ್ನಿನ ನೆತ್ತಿಗೆ ಬೀಳುತ್ತದೆ. ಅದೇ ನಾಕ್. ಅದು ಕೇಳಿಸಿದ ಕೂಡಲೇ ನಾನು ಕಾರಿನ ಕಂಪ್ಯೂಟರಿಗೆ ಹೇಳುತ್ತೇನೆ, ಅದು ಕಿಡಿಯನ್ನು ಕೂದಲೆಳೆಯಷ್ಟು ತಡ ಮಾಡುತ್ತದೆ. ಕಾರಿನ ಕಸುವು ಸ್ವಲ್ಪ ತಗ್ಗುತ್ತದೆ, ಪಿಸ್ಟನ್ ಉಳಿಯುತ್ತದೆ.

ನನ್ನ ಮೊದಲ ಯಜಮಾನರು ಧಾರವಾಡದ ಪ್ರೊಫೆಸರ್ ವಾದಿರಾಜ ಕಟಗೇರಿ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವರು. ಒತ್ತಡ, ಉಷ್ಣ, ಕಂಪನ ಎಲ್ಲವೂ ಅವರಿಗೆ ಬಾಯಿಪಾಠ. ಇಂಥವರ ಕೈಗೆ ಸಿಕ್ಕೆನಲ್ಲ ಎಂದು ನಾನು ಹಿಗ್ಗಿದ್ದೆ. ಆ ಹಿಗ್ಗು ನವಲೂರಿನ ಏರು ಬರುವವರೆಗೆ ಮಾತ್ರ ಉಳಿಯಿತು. ಅವರು ಐದನೆಯ ಗೇರಿನಲ್ಲೇ ಏರು ಹತ್ತಿದರು. ಎಂಜಿನ್ ಉಸಿರುಗಟ್ಟಿ ನಡುಗುತ್ತಿದ್ದರೆ ಇವರು ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದರು. ಪಕ್ಕದಲ್ಲಿದ್ದ ಗೆಳೆಯರು, "ಗೇರ್ ಇಳಸ್ರೀ ಸರ್, ಗಾಡಿ ಒದ್ದಾಡ್ಲಿಕ್ಕೆ ಹತ್ಯದ" ಎಂದರು.

"ಇಳಿಸಿದ್ರ ಪೆಟ್ರೋಲ್ ಹೆಚ್ಚಿಗೆ ಕುಡೀತದ್ರೀ. ಇದರಾಗ ಒಂದು ವಿಜ್ಞಾನ ಅದ" ಎಂದರು ಪ್ರೊಫೆಸರು.

ಐದು ವರ್ಷ ಆ ವಿಜ್ಞಾನವನ್ನು ನಾನು ಸಹಿಸಿದೆ. ದಿನಕ್ಕೆ ನೂರು ಸಲ ಎಚ್ಚರಿಸಿ ಅವರ ಪಿಸ್ಟನ್ನುಗಳನ್ನು ಉಳಿಸಿಕೊಟ್ಟೆ. ಕೊನೆಗೆ ಕಾರು ಮಾರುವಾಗ ಅವರು ಕೊಳ್ಳುವವನ ಎದುರೇ ಹೇಳಿದ ಮಾತು ಇದು: "ಗಾಡಿ ಛಲೋ ಅದ, ಆದ್ರ ಏರಿನ್ಯಾಗ ದಮ್ ಸಾಲಂಗಿಲ್ಲ ನೋಡ್ರಿ." ಕಲಿತವರ ತಿಳಿವಳಿಕೆ ಕರಿಹಲಗೆಯಿಂದ ಕೆಳಗಿಳಿಯುವುದೇ ಇಲ್ಲ ಎಂಬುದು ನನಗೆ ಅಂದೇ ಖಾತ್ರಿಯಾಯಿತು.

ಕೊಂಡವನು ಹುಬ್ಬಳ್ಳಿಯ ಶಿವಯೋಗಿ ಹಂಚಿನಾಳ. ವಿದ್ಯಾನಗರದಲ್ಲಿ ಟೈಲ್ಸ್ ಅಂಗಡಿ, ಕೈತುಂಬ ಉಂಗುರ, ಬಾಯಿತುಂಬ ತನ್ನದೇ ಮಾತು. ಪ್ರೊಫೆಸರರು ತಪ್ಪು ತಿಳಿದಿದ್ದರು. ಇವನು ತಿಳಿಯುವ ಗೋಜಿಗೇ ಹೋಗಿರಲಿಲ್ಲ. ಅವನ ಭಾವನೂ ಇಂಥದೇ ಕಾರು ಕೊಂಡಿದ್ದ. ಅದು ಇದಕ್ಕಿಂತ ಜೋರಾಗಿ ಓಡುತ್ತಿತ್ತು. ಈ ಒಂದು ಸಂಕಟ ಶಿವಯೋಗಿಗೆ ಅನ್ನ ಸೇರದಂತೆ ಮಾಡಿತು.

ಅವನು ಪುಣೆಯಿಂದ ಮಿಲಿಂದ ಎಂಬ ತರುಣನನ್ನು ಕರೆಸಿದ. ಕಾರಿನ ಕಂಪ್ಯೂಟರಿನೊಳಗಿನ ಲೆಕ್ಕಾಚಾರ ತಿದ್ದಿ ಕಸುವು ಹೆಚ್ಚಿಸಿಕೊಡುವುದು ಅವನ ಕಸುಬು. ಅದಕ್ಕೆ ರಿಮ್ಯಾಪ್ ಎನ್ನುತ್ತಾರೆ. ಮಿಲಿಂದ ಲ್ಯಾಪ್‌ಟಾಪ್ ಜೋಡಿಸಿ ಟರ್ಬೊದ ಒತ್ತಡ ಏರಿಸಿದ, ಕಿಡಿಯನ್ನು ಮುಂಚೆ ತಂದ. ಶಿವಯೋಗಿ ಒಂದು ಸುತ್ತು ಓಡಿಸಿ ಬಂದು, "ನಡುವ ಹಿಡದಂಗ ಆಗತೈತಲ್ಲೋ" ಎಂದ.

"ಸೆನ್ಸರ್ ಹಿಡೀತದ ಸರ್. ನಾಕ್ ಬಂದಾಗ ಪವರ್ ಇಳಸ್ತದ."

"ಅದರ ಬಾಯಿ ಮುಚ್ಚಸಾಕ ಆಗೂದಿಲ್ಲೇನು?"

ಆಗುತ್ತದೆ, ಆದರೆ ಒಳ್ಳೆಯದಲ್ಲ ಎಂದ ಮಿಲಿಂದ. ಶಿವಯೋಗಿ ಅವನ ಹೆಗಲ ಮೇಲೆ ಕೈಯಿಟ್ಟ. ಅಷ್ಟಕ್ಕೇ ಆ ತರುಣನ ವಿವೇಕ ಮುಗಿಯಿತು. ನನ್ನ ತಂತಿಯನ್ನು ಕೀಳಲಿಲ್ಲ. ಕಿತ್ತಿದ್ದರೆ ಡ್ಯಾಶ್‌ಬೋರ್ಡಿನ ಮೇಲೆ ದೀಪ ಹತ್ತುತ್ತಿತ್ತು. ನಾನು ಎಷ್ಟೇ ಕೂಗಿದರೂ ಕಂಪ್ಯೂಟರ್ ಕದಲದ ಹಾಗೆ ಮಾಡಿ ಹೋದ.

ಶಿವಯೋಗಿಯ ಹೆಂಡತಿ ಕಸ್ತೂರಿ ಮನೆಯ ಮೇಲಿನ ಮಹಡಿಯಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಹನ್ನೆರಡು ಯಂತ್ರಗಳು ಒಟ್ಟಿಗೆ ಓಡುತ್ತಿದ್ದರೂ ಯಾವುದರ ಸೂಜಿ ಬಾಗಿದೆ ಎಂಬುದನ್ನು ತಿರುಗಿ ನೋಡದೆ ಹೇಳಬಲ್ಲವಳು. ಒಂದು ಮಧ್ಯಾಹ್ನ ಇವರದೂ ಭಾವನದೂ ಎರಡೂ ಕುಟುಂಬ ಬೆಳಗಾವಿಗೆ ಹೊರಟವು. ಕಿತ್ತೂರು ದಾಟಿದ ಮೇಲೆ ಭಾವನ ಕಾರು ಮುಂದೆ ಹೋಯಿತು. ಶಿವಯೋಗಿ ಕಾಲು ಒತ್ತಿದ. ಸುಡುಬಿಸಿಲು, ಏರು, ಹೇಗೋ ತುಂಬಿಸಿದ ಸಾದಾ ಪೆಟ್ರೋಲು. ನಾನು ಕೂಗಿದೆ. ಕಂಪ್ಯೂಟರ್ ಸುಮ್ಮನಿತ್ತು.

"ಡಬ್ಬ್ಯಾಗ ಕಲ್ಲ ಹಾಕಿ ಅಳ್ಳಾಡಿಸಿದಂಗ ಸಪ್ಪಳ ಬರಾಕತ್ತೈತಿ. ನಿಲ್ಲಸ್ರಿ" ಎಂದಳು ಕಸ್ತೂರಿ.

"ಅದು ಟರ್ಬೊ ಸಪ್ಪಳ. ನಿನಗ ತಿಳಿಯಂಗಿಲ್ಲ."

"ನನಗ ಟರ್ಬೊ ತಿಳಿಯಂಗಿಲ್ಲ ಖರೆ. ಏನೋ ಒಡ್ಯಾಕತ್ತೈತಿ, ಅದು ತಿಳೀತೈತಿ."

ಅವನು ಹಾಡಿನ ದನಿ ಜೋರು ಮಾಡಿದ. ಇನ್ನೆರಡು ಕಿಲೋಮೀಟರ್. ಎರಡನೆಯ ಸಿಲಿಂಡರಿನ ಪಿಸ್ಟನ್ ನನ್ನ ಪಕ್ಕದಲ್ಲೇ ಒಡೆಯಿತು. ಕಾರು ನಡುರಸ್ತೆಯಲ್ಲಿ ಕಸುವು ಕಳೆದುಕೊಂಡಿತು. ಹಿಂದಿದ್ದ ಲಾರಿ ಬ್ರೇಕ್ ಹಾಕಿದರೂ ಗುದ್ದಿತು. ಶಿವಯೋಗಿಗೆ ಒಂದು ಗೀರೂ ಆಗಲಿಲ್ಲ. ಕಸ್ತೂರಿಯ ಬಲಗೈ ಮಣಿಕಟ್ಟು ಮುರಿಯಿತು. ಕತ್ತರಿ ಹಿಡಿಯುವ ಕೈ ಅದು. ಅವನು ನೋಡಲು ಬಂದವರಿಗೆಲ್ಲ ಪೆಟ್ರೋಲ್ ಕೆಟ್ಟದಿತ್ತು ಎಂದು ಹೇಳಿಕೊಂಡು ತಿರುಗಿದ.

ಎಂಜಿನ್ ಬಿಚ್ಚಿದವರು ಗೋಕುಲ ರಸ್ತೆಯ ಇಮಾಮಹುಸೇನ ನದಾಫ್. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳುವ ಹಳೆಯ ಕಾಲದ ಮೇಸ್ತ್ರಿ. ಮನುಷ್ಯರಲ್ಲಿ ನನ್ನ ಜಾತಿಯವರು ಅವರೊಬ್ಬರೇ. ಅವರು ಪಿಸ್ಟನ್ ಹೊರತೆಗೆದು ಗಂಡಹೆಂಡಿರ ಮುಂದಿಟ್ಟರು. ಅದರ ಅಂಚನ್ನು ಇಲಿ ಕಡಿದಂತಿತ್ತು, ನೆತ್ತಿಯ ಮೇಲೆಲ್ಲ ಸಣ್ಣ ಸಣ್ಣ ಗುಳಿಗಳು.

"ಇದನ್ನ ನಾಕ್ ತಿಂದೈತ್ರಿ" ಎಂದರು. ಆಮೇಲೆ ಕಂಪ್ಯೂಟರನ್ನು ತಪಾಸಣೆ ಮಾಡಿ, "ಸೆನ್ಸರ್ ಸರಿ ಐತಿ. ಅದರ ಮಾತ ಕೇಳದಂಗ ಮಾಡ್ಯಾರ."

ಕಸ್ತೂರಿ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಆನಿಸಿಕೊಂಡು ನಿಂತಿದ್ದಳು. "ಯಾರು ಮಾಡ್ಯಾರ?"

ನದಾಫ್ ಕೈ ಒರೆಸಿಕೊಳ್ಳತೊಡಗಿದರು. ಅವಳು ಗಂಡನ ಕಡೆ ತಿರುಗಿದಳು. "ನೀವ ಹೇಳಿ ಮಾಡಿಸಿದ್ರೇನು?"

"ಎಲ್ಲಾರೂ ಮಾಡಸ್ತಾರ" ಎಂದ ಶಿವಯೋಗಿ.

ಅವಳು ಎಡಗೈ ಚಾಚಿದಳು. "ಕೀಲಿ ಕೊಡ್ರಿ. ಕೈ ಕೂಡಿದ ಮ್ಯಾಲೆ ಗಾಡಿ ನಾ ಓಡಿಸ್ತೀನಿ."

ಅವನು ನಕ್ಕ. ನದಾಫ್ ನಗಲಿಲ್ಲ. ಅವಳು ಚಾಚಿದ ಕೈ ಇಳಿಸಲಿಲ್ಲ. ಕೊನೆಗೆ ಅವನು ಕೀಲಿ ಕೊಟ್ಟ, ಅವಳ ಅಂಗೈಗಲ್ಲ, ಬೆಂಚಿನ ಮೇಲಿಟ್ಟ. ಸೋಲನ್ನು ನೆಟ್ಟಗೆ ಒಪ್ಪಿಸಲೂ ಬಾರದ ಮನುಷ್ಯ.

ಅವಳ ಲೈಸೆನ್ಸು ಬೀರುವಿನಲ್ಲಿ ಸೀರೆಗಳ ಕೆಳಗಿತ್ತು. ನಾಲ್ಕು ತಿಂಗಳ ಮೇಲೆ ಕಾರು ಹಳೆಯ ಲೆಕ್ಕಾಚಾರಕ್ಕೆ ಮರಳಿ, ಹೊಸ ಪಿಸ್ಟನ್ ಹಾಕಿಸಿಕೊಂಡು ಹೊರಬಂತು. ನದಾಫ್ ಅವಳ ಪಕ್ಕ ಕುಳಿತು ಹೇಳಿಕೊಟ್ಟರು: "ಏರಿನ್ಯಾಗ ಗಾಡಿ ಗೊಣಗಾಕತ್ತಂದ್ರ ಆಕ್ಸಿಲರೇಟರ್ ಒತ್ತಬ್ಯಾಡ್ರಿ ಅಕ್ಕಾರ, ಗೇರ್ ಇಳಸ್ರಿ. ಎಂಜಿನ್ ಹಗೂರಕ ತಿರಗಲಿ." ಅವಳು ಅದನ್ನು ಒಂದೇ ಸಲಕ್ಕೆ ಕಲಿತಳು. ಪೆಟ್ರೋಲನ್ನು ಕಂಪನಿಯ ಪುಸ್ತಕದಲ್ಲಿ ಬರೆದಂಥದನ್ನೇ ಹಾಕಿಸಿದಳು. ಮುಂದಿನ ಐದು ವರ್ಷ ನನಗೆ ಕೂಗುವ ಪ್ರಸಂಗ ಬಂದದ್ದೇ ಅಪರೂಪ. ಪಕ್ಕದ ಸೀಟಿನಲ್ಲಿ ಕೂತ ಶಿವಯೋಗಿ ಮಾತ್ರ, "ಎತ್ತಿನ ಗಾಡಿ ಹೊಡದಂಗ ಹೊಡೀತಿ" ಎನ್ನುತ್ತಲೇ ಇದ್ದ. ಬೋಲ್ಟ್ ಬಿಗಿದ ಜಾಗದಲ್ಲೇ ಕುಳಿತು ನಾನು ಅವನನ್ನು ತಿರಸ್ಕರಿಸುತ್ತಲೇ ಇದ್ದೆ. ಅದು ನನ್ನ ಸುಖವಾಗಿತ್ತು ಎಂದರೂ ಸುಳ್ಳಲ್ಲ.

ಹನ್ನೊಂದನೆಯ ವರ್ಷ ಅಂಕೋಲೆಯಲ್ಲೊಂದು ಮದುವೆ ಮುಗಿಸಿ ಇಬ್ಬರೂ ಹುಬ್ಬಳ್ಳಿಗೆ ಹಿಂದಿರುಗುತ್ತಿದ್ದರು. ಅರಬೈಲು ಘಟ್ಟದ ಬುಡದಲ್ಲಿ ಚಹಾಕ್ಕೆ ನಿಂತರು. ಶಿವಯೋಗಿ ಸಿಗರೇಟು ಹಚ್ಚಿಕೊಂಡು ಮರದ ಕಡೆ ನಡೆದ. ಚಹಾದಂಗಡಿಯ ಹೆಂಗಸು, "ಅಲ್ಲಿ ಹೋಗಬೇಡಿ, ಮೇಲೆ ಹೆಜ್ಜೇನು ಉಂಟು" ಎಂದು ಕೂಗಿ ಹೇಳಿದಳು.

"ಏನಾಗಂಗಿಲ್ಲ ಬಿಡ್ರಿ" ಎಂದ.

ಮೂರು ನಿಮಿಷದ ಮೇಲೆ ಅವನು ಶರ್ಟನ್ನು ತಲೆಗೆ ಹೊದ್ದು ಓಡಿ ಬಂದು ಸೀಟಿಗೆ ಬಿದ್ದ. ಹತ್ತಿಪ್ಪತ್ತು ಕಡೆ ಕುಟುಕಿದ್ದವು. ಕಸ್ತೂರಿ ಕಾರು ಚಾಲೂ ಮಾಡುವಷ್ಟರಲ್ಲಿ ಅವನ ತುಟಿ ಊದಿತ್ತು. ಮೊದಲ ತಿರುವಿನಲ್ಲಿ ದನಿ ಕಟ್ಟಿತು, ಉಸಿರು ಸೀಟಿ ಹೊಡೆಯತೊಡಗಿತು. ತಾಲೂಕು ಆಸ್ಪತ್ರೆ ಇದ್ದದ್ದು ಘಟ್ಟದ ಮೇಲೆ, ಯಲ್ಲಾಪುರದಲ್ಲಿ.

ಅವಳು ಆಕ್ಸಿಲರೇಟರ್ ಒತ್ತಿದಳು. ನಾನು ಕೂಗಿದೆ. ನಾಕ್, ನಾಕ್, ನಾಕ್. ಕಂಪ್ಯೂಟರ್ ನನ್ನ ಮಾತು ಕೇಳಿ ಕಿಡಿಯನ್ನು ತಡ ಮಾಡಿತು, ಟರ್ಬೊದ ಒತ್ತಡ ಇಳಿಸಿತು. ಕಾರು ತೆವಳಿತು.

ಆದರೆ ಅಂದು ನಾಕ್ ಇರಲಿಲ್ಲ. ವರ್ಷಗಳ ಬಿಸಿ, ನೀರು, ತುಕ್ಕು ನನ್ನ ಬುಡವನ್ನು ತಿಂದು ಬೋಲ್ಟಿನ ಬಿಗಿ ಸಡಿಲವಾಗಿತ್ತು. ವಾಲ್ವುಗಳ ಸಾಮಾನ್ಯ ಟಿಕಟಿಕವೂ ನನಗೆ ಪಿಸ್ಟನ್ ಒಡೆಯುವ ಸಪ್ಪಳದಂತೆ ಕೇಳುತ್ತಿತ್ತು. ನನಗೆ ಅದು ಗೊತ್ತಾಗಲಿಲ್ಲ. ನಾನು ಎಂದಿನಂತೆ ಖಾತ್ರಿಯಿಂದ ಕೂಗಿದೆ.

"ಎಳೆವಲ್ದು" ಎಂದಳು ಕಸ್ತೂರಿ, ತನಗೆ ತಾನೇ. "ಯಾಕ ಎಳೆವಲ್ದು."

ಒಂದು ಲಾರಿ ಮುಂದೆ ಕುಂಟುತ್ತಿತ್ತು. ದಾಟಲು ಕಸುವಿಲ್ಲ. ಪಕ್ಕದಲ್ಲಿ ಶಿವಯೋಗಿಯ ತಲೆ ವಾಲಿತು. ಅವಳು ಕಿವಿಗೊಟ್ಟು ಎಂಜಿನ್ ಕೇಳಿದಳು. ಒಡೆಯುವ ಸಪ್ಪಳ ಅವಳಿಗೆ ಕೇಳಿಸಲಿಲ್ಲ. ಅವಳು ಎರಡನೆಯ ಗೇರಿಗೆ ಇಳಿಸಿ, ಎಂಜಿನ್ ಚೀರುವಷ್ಟು ಎತ್ತಿ, ಹಾರ್ನಿನ ಮೇಲಿಂದ ಕೈ ತೆಗೆಯದೆ ಲಾರಿಯನ್ನು ದಾಟಿದಳು. ಟರ್ಬೊ ಕೊಡದ ಕಸುವನ್ನು ವೇಗದ ಸುತ್ತುಗಳಿಂದ ಹಿಂಡಿ ತೆಗೆಯುತ್ತ, ಅದೇ ಗೇರಿನಲ್ಲಿ ಘಟ್ಟ ಮುಗಿಸಿದಳು. ಅವನಿಗೆ ಸೂಜಿ ಚುಚ್ಚಿದ ವೈದ್ಯರು ಹೊರಬಂದು, "ಇನ್ನೊಂದು ಹತ್ತು ನಿಮಿಷ ತಡ ಆಗಿದ್ರೆ ಕಷ್ಟ ಇತ್ತಮ್ಮ" ಎಂದರಂತೆ. ಆ ಹತ್ತು ನಿಮಿಷವನ್ನು ನಾನು ತಿಂದೇಬಿಡುತ್ತಿದ್ದೆ.

ವಾರದ ಮೇಲೆ ನದಾಫ್ ಬಾನೆಟ್ ತೆರೆದು ತಪಾಸಣೆ ಮಾಡಿದರು. ಸ್ಕ್ರೂಡ್ರೈವರ್ ಕಿವಿಗಿಟ್ಟು ಬಹಳ ಹೊತ್ತು ಕೇಳಿದರು. "ಒಳಗ ಏನೂ ಇಲ್ರಿ. ಇದ ಸುಳ್ಳ ಹೇಳಾಕತ್ತೈತಿ" ಎಂದು ನನ್ನ ಮೇಲೆ ಬೆರಳಿಟ್ಟರು.

ಮುಖದ ಬಾವು ಇನ್ನೂ ಇಳಿಯದ ಶಿವಯೋಗಿ ಎದೆಯುಬ್ಬಿಸಿದ. "ನಾ ಅವತ್ತ ಹೇಳಿರಲಿಲ್ಲೇನು, ಇದರ ಮಾತ ಕೇಳಬಾರದಂತ."

"ಅವತ್ತ ಅದು ಖರೇನ ಹೇಳಿತ್ತು" ಎಂದಳು ಕಸ್ತೂರಿ. "ಈಗ ತಪ್ಪೈತಿ. ಬಿಚ್ರಿ ನದಾಫಣ್ಣಾ, ಹೊಸಾದು ಹಾಕ್ರಿ."

ಬೋಲ್ಟ್ ಬಿಚ್ಚಿದರು. ಅವಳು ನನ್ನನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿ, ತುಕ್ಕನ್ನು ಉಗುರಿನಿಂದ ಕೆರೆದು, ಬೆಂಚಿನ ಮೇಲಿಟ್ಟಳು. ಅವಳ ಮುಖದಲ್ಲಿ ತಿರಸ್ಕಾರವಿರಲಿಲ್ಲ. ಹುಡುಕಿ ನೋಡಿದೆ, ಇರಲಿಲ್ಲ. ಇದ್ದಿದ್ದರೆ ಅದು ನನಗೆ ಅರ್ಥವಾಗುತ್ತಿತ್ತು.

ಈಗ ನಾನು ನದಾಫರ ಗ್ಯಾರೇಜಿನಲ್ಲಿ ಹಳೆಯ ನಟ್ಟು ಬೋಲ್ಟುಗಳ ಡಬ್ಬಿಯಲ್ಲಿದ್ದೇನೆ. ಪ್ರೊಫೆಸರರ ಬಗ್ಗೆ, ಶಿವಯೋಗಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಅವರು ಹೇಳಿದ್ದನ್ನು ಕೇಳದವರು. ಇಲ್ಲದ್ದನ್ನು ಹೇಳಿದವನು ನಾನೊಬ್ಬನೇ. ನನ್ನ ಮಾತು ಕೇಳಬಾರದು ಎಂದು ಆ ಮೂರ್ಖ ಶಿವಯೋಗಿ ಹೇಳಿದ್ದು ಘಟ್ಟದ ಆ ಏರಿನ ಮಟ್ಟಿಗೆ ಸರಿಯೇ ಆಗಿತ್ತು, ಅದನ್ನು ನುಂಗಿಕೊಳ್ಳಲು ನನಗೆ ಇನ್ನೂ ಆಗಿಲ್ಲ. ಯಾರಾದರೂ ನಟ್ಟು ಹುಡುಕುತ್ತ ಡಬ್ಬಿ ಅಲ್ಲಾಡಿಸಿದಾಗ ನನ್ನೊಳಗೆ ಈಗಲೂ ಸಣ್ಣಗೆ ವಿದ್ಯುತ್ತು ಏಳುತ್ತದೆ. ಏನೋ ಒಡೆಯುತ್ತಿದೆ ಎಂದು ಹೇಳಬೇಕೆನಿಸುತ್ತದೆ. ಈಗ ಮೊದಲು ಸ್ವಲ್ಪ ತಡೆಯುತ್ತೇನೆ. ನಿಜವಾಗಿ ಒಡೆಯುತ್ತಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ಕೇಳಿಸಿಕೊಳ್ಳುತ್ತೇನೆ.