ಇಪ್ಪತ್ತೇಳಕ್ಕೆ ಒಂದು

2014ರ ಮಾರ್ಚ್‌ನ ಆ ಸಂಜೆ, ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್‌ನ ಮೈದಾನದಲ್ಲಿ ಎದುರಾಳಿಗಳು ಇಪ್ಪತ್ತೇಳು ರನ್ ಹೊಡೆದಿದ್ದರು. ಕಲ್ಲೇಶನ ತಂಡದ್ದು ಸೊನ್ನೆ. ಬೇಸ್‌ಬಾಲಿನ ತಮ್ಮನಂತಿರುವ ಸಾಫ್ಟ್‌ಬಾಲ್ ಆಡಲು ಈ ಕನ್ನಡದ ಇಂಜಿನಿಯರುಗಳು ಹೊರಟಿದ್ದೇ ಕ್ರಿಕೆಟ್ ಬರುತ್ತದೆಂಬ ಧೈರ್ಯದಿಂದ. ಇದು ಸೀಸನ್ನಿನ ಕೊನೆಯ ಪಂದ್ಯ. ಸೀಸನ್ ಉದ್ದಕ್ಕೂ ಅವರಿಗೆ ಒಂದು ರನ್ನೂ ದಕ್ಕಿರಲಿಲ್ಲ.

ಗೆಲ್ಲುವ ಮಾತು ಯಾವಾಗಲೋ ಮುಗಿದಿತ್ತು. ಒಂದೇ ಒಂದು ರನ್ ಬೇಕಿತ್ತು. ಎದುರಾಳಿಗಳು ಕಲ್ಲೇಶನ ಕಾರ್ಖಾನೆಯವರೇ. ನಾಳೆ ಬೆಳಿಗ್ಗೆ ಚಹಾದ ಹೊತ್ತಿಗೆ ಅವರೆದುರು ಕೂರಬೇಕು.

ತಂಡದ ರಚನಾಳ ಕಾಲು ಉಳುಕಿ, ಕಲ್ಲೇಶನ ಹೆಂಡತಿ ನೀಲವ್ವನಿಗೆ ಆಡಲು ಕರೆ ಬಂತು. ಪ್ರತಿ ಪಂದ್ಯಕ್ಕೂ ಅವಲಕ್ಕಿ ಡಬ್ಬಿ ಹಿಡಿದು ಬರುತ್ತಿದ್ದ ಅವಳು, ಇವರು ಓಡುವ ಚಂದ ಕಂಡು ಕೂತಲ್ಲೇ ಚಡಪಡಿಸುತ್ತಿದ್ದಳು. ಗದಗಿನ ಶಾಲೆಯಲ್ಲಿ ಅವಳು ಖೋ ಖೋ ತಂಡದ ನಾಯಕಿಯಾಗಿದ್ದವಳು.

“ನನಗ ಹೊಡಿಯಾಕ ಬರಂಗಿಲ್ರೀ. ಓಡಾಕ ಬರ್ತೈತಿ.”

“ಹಂಗಾರ ಬ್ಯಾಟ್ ಬೀಸಬ್ಯಾಡ. ಸುಮ್ನ ನಿಂದ್ರು,” ಎಂದ ಕಲ್ಲೇಶ.

ಅದು ಕೊನೆಯ ಸರದಿ, ಮೂವರು ಔಟಾದರೆ ಆಟ ಮುಗಿಯಿತು. ಆಗಲೇ ಒಬ್ಬ ಔಟಾಗಿದ್ದ. ನೀಲವ್ವ ಕಂಬದಂತೆ ನಿಂತಳು. ನಾಲ್ಕು ಎಸೆತ ಅಡ್ಡಾದಿಡ್ಡಿ ಹೋದವು. ನಿಯಮದಂತೆ ಮೊದಲ ಬೇಸ್ ಬಿಟ್ಟಿ ಸಿಕ್ಕಿತು. ಮುಂದಿನವನು ಬೆಂಗಳೂರಿನ ಗುರುರಾಜ್. ಅವನು ಬಲಕ್ಕೆ ಹೊಡೆದು, “ಓಡಿ ಅತ್ತಿಗೆ, ಓಡಿ!” ಎಂದು ಅರಚಿದ. ಅವಳು ಎರಡನೆಯ ಬೇಸ್ ದಾಟಿ ಮೂರನೆಯದರಲ್ಲಿ ನಿಂತು, ವೇಲನ್ನು ಸೊಂಟಕ್ಕೆ ಬಿಗಿದಳು. ಇನ್ನು ಹೊರಟ ಜಾಗವಾದ ಹೋಮ್ ಪ್ಲೇಟ್ ಮುಟ್ಟಿದರೆ ರನ್.

ಕಲ್ಲೇಶ ಹೊಡೆದ ಚೆಂಡು ಪುಟಿದು ನೇರವಾಗಿ ಎಸೆದವನ ಕೈಗೇ ಹೋಯಿತು.

“ಬ್ಯಾಡ! ನಿಂದ್ರು!” ಎಂದು ಕೂಗಿ, ಕ್ರಿಕೆಟ್ಟಿನಂತೆ ಕೈ ತೋರಿಸಿ ಅವನೂ ನಿಂತುಬಿಟ್ಟ. ಇಲ್ಲಿ ಹೊಡೆದವನು ಓಡಲೇಬೇಕೆಂಬುದು ಅವನ ತಲೆಗೆ ಇನ್ನೂ ಹೋಗಿರಲಿಲ್ಲ. ನೀಲವ್ವ ಆಗಲೇ ಅರ್ಧ ದಾರಿಯಲ್ಲಿದ್ದಳು.

ಎದುರಾಳಿಗಳಿಗೆ ಕಲ್ಲೇಶನನ್ನು ಔಟ್ ಮಾಡುವುದು ಸುಲಭವಿತ್ತು. ಆದರೆ ಸೊನ್ನೆ ಕೆಡಬಾರದಲ್ಲ! ಚೆಂಡು ಪ್ಲೇಟಿನ ಹಿಂದಿದ್ದ ಕ್ಯಾಚರ್‌ಗೆ ಹೋಯಿತು. ಆರಡಿಯ ಆಳು ಚೆಂಡು ಹಿಡಿದು ಅವಳನ್ನು ಅಟ್ಟಿಸಿಕೊಂಡು ಬಂದ. ಹಿಂದೆ ಮೂರನೇ ಬೇಸಿನವನು ಕಾದಿದ್ದ. ಚೆಂಡು ಹಿಡಿದ ಕೈ ತಾಗಿದರೆ ಔಟ್.

ನೀಲವ್ವನಿಗೆ ನಗು ಬಂತು. ಇದು ಗೊತ್ತಿದ್ದ ಆಟ. ಖೋ ಖೋದಲ್ಲಿ ಅಟ್ಟುವವರು ಹಿಂದಕ್ಕೆ ತಿರುಗುವಂತಿಲ್ಲ, ಇವರು ತಿರುಗುತ್ತಾರೆ, ಅಷ್ಟೇ. ಅವಳು ಹಿಂದೆ ಸರಿದಳು. ಚೆಂಡು ಅವಳ ತಲೆಯ ಮೇಲಿಂದ ಮೂರನೇ ಬೇಸಿನವನಿಗೆ ಹಾರಿತು.

“ಅಮ್ಮಾ, ಬಿಹೈಂಡ್ ಯೂ!” ಮಗಳು ವಚನಾ ಗೆರೆಯಾಚೆ ಕಿರುಚಿದಳು.

ನೀಲವ್ವ ಗಕ್ಕನೆ ತಿರುಗಿದಳು. ಚೆಂಡು ಮತ್ತೆ ಕ್ಯಾಚರ್‌ಗೆ ಬಂತು. ಅವಳು ನೋಡಿದ್ದು ಅವನ ಕಣ್ಣನ್ನಲ್ಲ, ಭುಜವನ್ನು. ಭುಜ ಎಡಕ್ಕೆ ವಾಲಿತು. ಅವಳು ಬಲಕ್ಕೆ ಬಾಗಿ ಅವನ ತೋಳಿನಡಿ ನುಸುಳಿ, ಪ್ಲೇಟ್ ತುಳಿದಳು.

ಅಂಪೈರ್ ಬಗ್ಗಿ ಪ್ಲೇಟನ್ನೇ ನೋಡುತ್ತಿದ್ದ. ಆ ಬಗ್ಗಿದ ಬೆನ್ನು ಕಂಡದ್ದೇ ತಡ, ನೀಲವ್ವನ ಕೈ ತಡೆಯಲಿಲ್ಲ. ಫಟ್ಟನೆ ಹೊಡೆದು ಕೂಗಿದಳು: “ಖೋ!”

ಅಂಪೈರ್ ಹೌಹಾರಿ ನೆಟ್ಟಗಾದ. ಆಮೇಲೆ, ನಗು ತಡೆಯಲಾಗದೆ, ಎರಡೂ ಕೈ ಅಗಲಿಸಿದ: ಸೇಫ್!

ಗುರುರಾಜ್ ಹುಲ್ಲಿನ ಮೇಲೆ ಲಾಗ ಹಾಕಿದ. ಎದುರಾಳಿಗಳೇ ಗ್ಲೋವ್ಸ್ ಮೇಲಕ್ಕೆಸೆದರು. ಆ ಗದ್ದಲದಲ್ಲೇ ಒಬ್ಬರು ಮೊದಲ ಬೇಸಿಗೆ ಚೆಂಡು ಮುಟ್ಟಿಸಿ, ಇನ್ನೂ ನಿಂತೇ ಇದ್ದ ಕಲ್ಲೇಶನನ್ನು ಔಟ್ ಮಾಡಿದರು. ಮುಂದಿನವನೂ ಔಟಾಗಿ, ಪಂದ್ಯ ಇಪ್ಪತ್ತೇಳಕ್ಕೆ ಒಂದರಂತೆ ಮುಗಿಯಿತು.

ಮರುದಿನ ಮನೆಗೆ ಬಂದ ಕಲ್ಲೇಶ, “ಚಾ ಕುಡ್ಯಾಕ ಕೂತಿದ್ನ್ಯಾ? ಆ ಕ್ಯಾಚರ್ ಬಂದು ಬೆನ್ನಿಗೆ ಹೊಡದು ‘ಖೋ’ ಅಂದು, ನನ್ನ ಕುರ್ಚಿ ಹಿಡದುಬಿಟ್ಟ,” ಎಂದ.

“ಸೊನ್ನಿ ಬಗ್ಗೆ ಏನಂದ್ರು?”

“ಯಾವ ಸೊನ್ನಿ?” ಎಂದ ಕಲ್ಲೇಶ.