ಬಾಯಾರಿದ ಮರಿಗಳು

ಅತ್ತೆಯ ಬಾಯಿ ಜೋರು, ಕರುಳು ಮಾತ್ರ ಬೆಣ್ಣೆ. ಸೊಸೆಗೆ ಫಜೀತಿಯಾಗುತ್ತಿದ್ದುದು ಬಾಯಿಂದಲ್ಲ, ಆ ಬೆಣ್ಣೆಯಿಂದ.

ಮನೆಯ ಹಿಂದಿನ ಸಣ್ಣ ಕೋಳಿ ಶೆಡ್ಡು ಸೊಸೆಯದು. ಗಂಡ ಲಾರಿ ಓಡಿಸುತ್ತಾನೆ, ವಾರಕ್ಕೊಮ್ಮೆ ಮುಖ ತೋರಿಸುತ್ತಾನೆ. ಹಿಂದಿನ ಸಲದ ಬ್ರಾಯ್ಲರ್ ಮರಿಗಳಿಗೆ ಬ್ಯಾಕ್ಟೀರಿಯಾ ಸೋಂಕು ತಗುಲಿ, ಬೆಳಗಾದರೆ ಸಾಕು, ಸತ್ತವನ್ನು ಕೆಂಪು ಬಕೆಟ್ಟಿನಲ್ಲಿ ತುಂಬಿ ಹೊರಬೇಕಾಗಿತ್ತು. ಈ ಸಲವೂ ಹಾಗಾದರೆ ಶೆಡ್ಡಿಗೆ ಬೀಗ ಹಾಕ್ತೀನಿ ಎಂದು ಗಂಡನಿಗೆ ಹೇಳಿಬಿಟ್ಟಿದ್ದಳು. ಹೇಳಿದಾಗಿನಿಂದ ಅವಳಿಗೇ ಸಂಕಟ. ಆ ಶೆಡ್ಡೆಂದರೆ ಅವಳಿಗೆ ಪ್ರಾಣ.

ಅದಕ್ಕೇ ಈ ಸಲ ಡಾಕ್ಟರು ನೀರಿನಲ್ಲಿ ಕುಡಿಸುವ ಲಸಿಕೆ ಹೇಳಿದ್ದರು. ಮರಿಗಳನ್ನು ಮೊದಲು ಒಂದು ಗಂಟೆ ಹೊತ್ತು ನೀರಿಲ್ಲದೆ ಇಡಬೇಕು. ಬಾಯಾರಿದ್ದರೆ ಲಸಿಕೆಯ ನೀರನ್ನು ಎಲ್ಲವೂ ಮುಗಿಬಿದ್ದು ಕುಡಿಯುತ್ತವೆ. ಬೆರೆಸಿದ ಮೇಲೆ ತಡಮಾಡಿದರೆ ಲಸಿಕೆ ವ್ಯರ್ಥ. ನೀರಿಗೆ ನೀಲಿ ಬಣ್ಣವನ್ನೂ ಹಾಕುತ್ತಾರೆ. ಯಾವುದು ಕುಡಿಯಿತು ಎನ್ನುವುದು ನಾಲಿಗೆ ನೋಡಿದರೆ ಗೊತ್ತಾಗುತ್ತದೆ.

"ಸೀಕೇ ಇಲ್ದಿರೋ ಮರಿಗೆ ಯಾತರ ಔಷಧಿ?" ಅತ್ತೆ ಬೆಳಿಗ್ಗೆಯೇ ರಾಗ ಎಳೆದಿದ್ದರು.

"ಸೀಕು ಬರದೇ ಇರ್ಲಿ ಅಂತ ಅತ್ತೆ."

ಸೊಸೆ ಶೆಡ್ಡಿನ ನೀರಿನ ಪಾತ್ರೆಗಳನ್ನೆಲ್ಲ ಎತ್ತಿಟ್ಟು, ಲಸಿಕೆ ತರಲು ಹೋದಳು. ಐಸ್ ಡಬ್ಬಿಯಲ್ಲಿ ತಂದು, ಲಸಿಕೆ ಕೆಡದಿರಲೆಂದು ಹಾಲಿನ ಪುಡಿ, ಗುರುತಿಗೆ ಬಣ್ಣ ಹಾಕಿದ ನೀರಿಗೆ ಬೆರೆಸಿ, ಪಾತ್ರೆಗಳಿಗೆ ಸುರಿದಳು. ಒಂದು ಮರಿಯೂ ಇತ್ತ ತಿರುಗಿ ನೋಡಲಿಲ್ಲ. ನೆಲಕ್ಕೆ ಹಾಸಿದ ಹೊಟ್ಟಿನ ಮೇಲೆ ರೆಕ್ಕೆ ಚೆಲ್ಲಿ, ಮದುವೆ ಊಟ ಮುಗಿಸಿದ ನೆಂಟರಂತೆ ಮಲಗಿದ್ದವು. ಒಂದನ್ನು ಹಿಡಿದು ಕೊಕ್ಕು ಬಿಡಿಸಿದಳು. ನಾಲಿಗೆಯಲ್ಲಿ ನೀಲಿಯ ಸುಳಿವಿಲ್ಲ. ಆಗ ಮೂಲೆಯಲ್ಲಿ ಕಂಡವು ಅಡುಗೆಮನೆಯ ತಟ್ಟೆಗಳು, ಬೋಗುಣಿಗಳು, ಪಾತ್ರೆಯ ಮುಚ್ಚಳಗಳು ಸಹ. ಎಲ್ಲವೂ ಒದ್ದೆ. ಊಟದ ತಟ್ಟೆಯಲ್ಲಿ ಒಂದು ಮರಿ ಕಾಲು ತೊಳೆಯುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನು ಕಂಡು ಸೊಸೆಯ ಪಿತ್ತ ನೆತ್ತಿಗೇರಿತು. "ಔಷಧಿ ಬೇಡ ಅಂತ ಬೇಕಂತಲೇ ಮಾಡಿದ್ರಾ ಅತ್ತೆ?"

"ಅಯ್ಯೋ, ಇಲ್ಲ ಕಣಮ್ಮ. ಬಾಯಾರಿ ಕಿರುಚ್ತಿದ್ವು. ನೀರು ಕೇಳಿದವರಿಗೆ ಇಲ್ಲ ಅನ್ನೋದು ಹೇಗೆ?"

"ಕುಡಿದು ಮಲಗಿದಾವೆ. ಇನ್ನು ಲಸಿಕೆ ಯಾರು ಕುಡೀತಾರೆ? ನಾನು ಮತ್ತೆ ಆ ಕೆಂಪು ಬಕೆಟ್ಟು ಹಿಡೀಬೇಕಾ?" ಸೊಸೆಯ ಕಣ್ಣಲ್ಲಿ ನೀರು ಬಂತು.

ಆ ಬಕೆಟ್ಟಿನ ಇನ್ನೊಂದು ಕಡೆ ಹಿಡಿದು ಅತ್ತೆಯೂ ನಡೆದಿದ್ದರು. ಮರಿಗಳತ್ತ ನೋಡಿ, "ಒಣ ತಿಂಡಿ ತಿಂದವರಿಗೆ ನೀರು ಬೇಡವಾ? ಹೊಸ ಫೀಡು ತಾ" ಎಂದರು.

ಸೊಸೆ ಫೀಡು ತಂದು ಹರಡಿದಳು. ಅತ್ತೆ ತಟ್ಟೆ ಬಡಿಯುತ್ತ, "ಏಳ್ರೋ ಸೋಮಾರಿಗಳಾ, ಮಾನ ಕಳೀತೀರಲ್ಲೋ ನನ್ದು" ಎಂದು ಶೆಡ್ಡಿನ ಉದ್ದಕ್ಕೂ ಓಡಾಡಿದರು. ಮರಿಗಳು ಗಾಬರಿಯಿಂದ ಎದ್ದವು, ಎದ್ದಮೇಲೆ ಫೀಡು ಕಂಡಿತು, ತಿಂದವು. ತಿಂದಮೇಲೆ ಒಂದೊಂದೇ ನೀಲಿ ನೀರಿನತ್ತ ನಡೆದವು. ನೋಡನೋಡುತ್ತ ಪಾತ್ರೆಗಳ ಸುತ್ತ ನೂಕುನುಗ್ಗಲು. ಸೊಸೆ ಅಲ್ಲೊಂದು ಇಲ್ಲೊಂದು ಮರಿ ಹಿಡಿದು ಕೊಕ್ಕು ಬಿಡಿಸಿದಳು. ನೀಲಿ. ಇನ್ನೊಂದು, ಅದೂ ನೀಲಿ. ಅವಳ ಎದೆ ಹಗುರಾಯಿತು.

"ಗೆದ್ವಿ ಅತ್ತೆ" ಎಂದಳು. ಅತ್ತೆ ಬಾಯ್ತುಂಬ ನಕ್ಕರು. ಅವರ ನಾಲಿಗೆ ಅಚ್ಚ ನೀಲಿ.

"ಇದೇನು ಅತ್ತೆ?"

"ಕಹಿ ಇದೆಯೇನೋ, ಅದಕ್ಕೇ ಒಲ್ಲೆ ಅಂತಿದಾವೆ ಅಂದ್ಕೊಂಡು, ನೀನು ಫೀಡು ತರೋಕೆ ಹೋದಾಗ ಒಂದು ಗುಟುಕು ನೋಡ್ದೆ. ನಿನ್ನ ಗಂಡನಿಗೂ ನಾನು ರುಚಿ ನೋಡದೆ ಔಷಧಿ ಕುಡಿಸಿದವಳಲ್ಲ."

ಇವರನ್ನೇ ಅನುಮಾನಿಸಿದೆನಲ್ಲ ಎಂದು ಸೊಸೆಗೆ ನಾಚಿಕೆಯಾಯಿತು. ಡಾಕ್ಟರಿಗೆ ಫೋನು ಮಾಡಿದಳು. ಅವರು ನಕ್ಕು, ಒಂದು ಗುಟುಕಿಗೆ ಭಯವಿಲ್ಲ, ಬಾಯಿ ಮುಕ್ಕಳಿಸಲಿ, ಇನ್ನೊಮ್ಮೆ ಬೇಡ ಎಂದರು.

"ಎಲ್ಲಾ ಕುಡಿದ್ವಾ?"

"ಎಲ್ಲರೂ ಕುಡಿದ್ರು ಡಾಕ್ಟ್ರೇ."

ಆ ಮರಿಗಳು ಬೆಳೆದು ಶೆಡ್ಡು ಬಿಡುವವರೆಗೂ ಕೆಂಪು ಬಕೆಟ್ಟು ಗೋಡೆಯ ಮೊಳೆಯಲ್ಲೇ ನೇತಾಡಿತು. ಮುಂದಿನ ಸಲ ಲಸಿಕೆಯ ದಿನ ಸೊಸೆ ತಟ್ಟೆಗಳ ಕಪಾಟಿಗೆ ಬೀಗ ಹಾಕಿದಳು. ಒಂದು ಚಮಚ ಮಾತ್ರ ಹೊರಗಿಟ್ಟಿದ್ದಳು. ಲಸಿಕೆ ಬೆರೆಸುವ ಮೊದಲು, ಬರೀ ನೀಲಿ ನೀರನ್ನು ಅದರಲ್ಲಿ ತುಂಬಿ ಅತ್ತೆಯ ಮುಂದೆ ಹಿಡಿದಳು.