ಅಂಗೈಪಟ್ಟಿ

“ಸ್ವಲ್ಪ ಕಾಲು ತೆಗೀರಮ್ಮಾ. ಹಾಯಿ ಮೇಲೆ ನಿಂತಿದ್ದೀರ.”

ಅಕ್ಕತಂಗಿಯರಿಬ್ಬರೂ ಬೆಚ್ಚಿ ಹಿಂದೆ ಸರಿದರು. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಅದು ಸುಣ್ಣ ಬಳಿದ ನೆಲದ ಹಾಗೆ ಕಂಡಿತ್ತು. ಈಗ ನೋಡಿದರೆ ಆ ಶೆಡ್ಡಿನ ಉದ್ದಗಲಕ್ಕೂ ಬಟ್ಟೆಯೇ ಹಾಸಿತ್ತು. ಆಚೆ ತುದಿಯಲ್ಲಿ, ಗಿಡ್ಡ ಬೆಂಚಿನ ಮೇಲೆ, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡ ಮುದುಕನೊಬ್ಬ ಹೊಲಿಯುತ್ತ ಕೂತಿದ್ದ. ಬಟ್ಟೆಯ ಮೇಲೆ ಬಿದ್ದ ತನ್ನ ಚಪ್ಪಲಿಯ ಗುರುತು ನೋಡಿ ತಂಗಿ ನಾಲಿಗೆ ಕಚ್ಚಿಕೊಂಡಳು.

“ಇರಲಿ ಬಿಡಿ, ಸಮುದ್ರ ತೊಳ್ಕೊಳ್ಳುತ್ತೆ,” ಎಂದ ಮುದುಕ.

ಅವರು ದ್ವೀಪಕ್ಕೆ ಬಂದು ಮೂರು ದಿನವಾಗಿತ್ತು. ಪ್ರವಾಸಿಗರೆಲ್ಲ ಇದರ ಹಿಂದಿನ ದ್ವೀಪದಲ್ಲೇ ಇಳಿದುಬಿಡುತ್ತಾರೆ. ವಾರಕ್ಕೆರಡು ಸಲ ಮಾತ್ರ ಇಲ್ಲಿಗೆ ಲಾಂಚು. ಊರೆಂದರೆ ಸಮುದ್ರಕ್ಕೆ ಮುಖ ಮಾಡಿದ ಒಂದೇ ಬೀದಿ. ಬಾಗಿಲು ಹಾಕಿದ ಮನೆಯೊಂದನ್ನೂ ಅವರು ಈ ತನಕ ನೋಡಿರಲಿಲ್ಲ. ಇದ್ದ ಒಂದೇ ಅಂಗಡಿಯವನು ಮಧ್ಯಾಹ್ನ ಮಲಗುವ ಮೊದಲು ‘ಬೇಕಾದ್ದು ತಗೊಳ್ಳಿ, ಎದ್ದ ಮೇಲೆ ಹೇಳಿ’ ಎಂದು ಹಲಗೆ ತೂಗುಹಾಕಿ ಗೊರಕೆ ಹೊಡೆಯುತ್ತಿದ್ದ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ತಂಗಿ ಆ ಹಲಗೆಯ ಮುಂದೆ ನಿಂತು, “ನಮ್ಮ ಬೀದೀಲಿ ಹೀಗೆ ಹಾಕಿದ್ರೆ ಹಲಗೇನೂ ಉಳಿಯಲ್ಲ ಕಣೇ,” ಎಂದು ನಕ್ಕಿದ್ದಳು. ಅಕ್ಕನಿಗೂ ಊರು ಹಿಡಿಸಿತ್ತು. ಎಷ್ಟು ಹಿಡಿಸಿತ್ತೆಂದರೆ, ಬಂದ ಕಾರಣವನ್ನೇ ಮರೆಯುವಷ್ಟು.

ಅಕ್ಕನನ್ನು ಅವಳ ಬೀದಿಯಲ್ಲಿ ಎಲ್ಲರೂ ಕರೆಯುವುದೇ ಟೈಲರಕ್ಕ ಎಂದು. ಮೂವತ್ತೊಂದು ವರ್ಷದ ಹೊಲಿಗೆ. ಹೋದ ವರ್ಷ ಬಲಗೈ ಬೆರಳುಗಳು ನಡುಗಲು ಶುರುವಾದವು. ಮೊದಲು ದಾರ ಪೋಣಿಸುವುದು ಹೋಯಿತು, ಆಮೇಲೆ ಕತ್ತರಿ ಗೆರೆ ತಪ್ಪಿತು. ಗಿರಾಕಿಗಳಿಗೆ ತನ್ನ ಕಣ್ಣು ಮಂದವಾಗಿದೆ ಎಂದಳು. ತಂಗಿಗೆ, “ಸಾಕಾಯ್ತು ಕಣೇ, ಇನ್ನೆಷ್ಟು ದಿನ,” ಎಂದಳು. ಬರುವ ತಿಂಗಳು ಅಂಗಡಿ ಮುಚ್ಚಿ ಮಿಷನ್ನನ್ನು ಪಕ್ಕದ ಮನೆ ಸೊಸೆಗೆ ಕೊಡುವುದೆಂದೂ ಮಾತಾಗಿತ್ತು. ಅಕ್ಕನಿಗೆ ಕೊನೆಗೂ ಬಿಡುವಾಯಿತಲ್ಲ ಎಂದು ತಂಗಿ ಸಂಭ್ರಮದಿಂದ ಈ ಪ್ರವಾಸ ಹೊರಡಿಸಿದ್ದಳು. ನಡುಕದ ವಿಷಯ ಅಕ್ಕನೊಬ್ಬಳಿಗೇ ಗೊತ್ತು.

ಈಗ ಟೈಲರಕ್ಕನ ಕಣ್ಣು ಮುದುಕನ ಕೈಯ ಮೇಲೇ ನೆಟ್ಟಿತ್ತು. ಬೆರಳುದ್ದದ ದಪ್ಪ ಸೂಜಿ. ಅದನ್ನು ಅವನು ಬೆರಳಿನಿಂದ ತಳ್ಳುತ್ತಿರಲಿಲ್ಲ. ಅವನ ಅಂಗೈಗೆ ತೊಗಲಿನ ಪಟ್ಟಿಯೊಂದಿತ್ತು, ಹೆಬ್ಬೆರಳಿನ ಬುಡದಲ್ಲಿ ಅದಕ್ಕೊಂದು ಕಬ್ಬಿಣದ ಬಿಲ್ಲೆ. ಸೂಜಿಯ ಹಿಂಬದಿಯನ್ನು ಬಿಲ್ಲೆಗೆ ಆನಿಸಿ ಇಡೀ ತೋಳಿನಿಂದ ನೂಕುತ್ತಿದ್ದ. ಹೀಗೂ ಹೊಲಿಯಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

“ನೀವೂ ಹೊಲಿಯೋರಾ?” ಎಂದ ಮುದುಕ, ತಲೆಯೆತ್ತದೆ.

“ಹೊಲಿಯೋರಾ ಅಂತ ಕೇಳ್ತೀರಲ್ಲ!” ತಂಗಿ ಮುಂದೆ ಬಂದಳು. “ನಮ್ಮಕ್ಕ ಕೈಹೊಲಿಗೆ ಹಾಕಿದ್ರೆ ಭೂತಗನ್ನಡಿ ಹಿಡಿದ್ರೂ ಕಾಣಲ್ಲ.”

“ಹಾಗಾದ್ರೆ ಬನ್ನಿ. ಮಧ್ಯಾಹ್ನ ನೀರು ಏರೋದ್ರೊಳಗೆ ಇದು ದೋಣಿ ಸೇರಬೇಕು. ಒಂದೆರಡು ಮೊಳ ಹಾಕಿ ಕೊಡಿ.”

“ಬೇಡ ಯಜಮಾನ್ರೇ, ನನಗೆ ಕಣ್ಣು ಸರಿಯಿಲ್ಲ.”

“ನನಗಿದೆಯಾ? ಕೂತ್ಕೊಳ್ಳಿ.”

ಪಟ್ಟಿ ಬಿಚ್ಚಿ ಅವಳ ಕೈಗೆ ತಾನೇ ಕಟ್ಟಿದ. ಅದಿನ್ನೂ ಬೆಚ್ಚಗಿತ್ತು. ಟೈಲರಕ್ಕ ಉಸಿರು ಬಿಗಿಹಿಡಿದು, ಅಭ್ಯಾಸಬಲದಿಂದ ಸೂಜಿಯನ್ನು ಬೆರಳಲ್ಲಿ ಹಿಡಿದು, ಸಣ್ಣಗೆ, ಒತ್ತೊತ್ತಾಗಿ ಹಾಕತೊಡಗಿದಳು. ಸೂಜಿ ನಡುಗಿತು. ಹಲ್ಲು ಕಚ್ಚಿಕೊಂಡು ಗೇಣುದ್ದ ಮುಗಿಸಿದಳು.

ಮುದುಕ ಬಟ್ಟೆ ಎಳೆದು ನೋಡಿ ಹಣೆ ಚಚ್ಚಿಕೊಂಡ. “ಅಯ್ಯೋ, ಇದೇನಮ್ಮಾ! ಮದುವೆ ರವಿಕೆ ಹೊಲೀತಿದ್ದೀರಾ? ತೂತಿನ ಪಕ್ಕ ತೂತು ಬಿದ್ರೆ ಒಂದೇ ಗಾಳಿಗೆ ಪರ್ ಅಂತ ಹರಿಯುತ್ತೆ, ಅಂಚೆಚೀಟಿ ಹರಿದ ಹಾಗೆ. ಬಿಚ್ಚಿ, ಬಿಚ್ಚಿ.”

ಅಕ್ಕನ ಹೊಲಿಗೆಯಲ್ಲಿ ತಪ್ಪು ಹುಡುಕಿದವರನ್ನು ತಂಗಿ ಇವತ್ತೇ ನೋಡುತ್ತಿದ್ದದ್ದು. ಟೈಲರಕ್ಕನಿಗೆ ಸಿಟ್ಟು ಬಂತು. ಮೂಗಿನ ತುದಿ ಕೆಂಪಾಯಿತು. ಆದರೂ ಬಿಚ್ಚಿದಳು.

“ದೂರದೂರ ಹಾಕಿ. ಬೆರಳಿನ ಗೊಡವೆ ಬಿಡಿ, ಅಂಗೈಲಿ ತಳ್ಳಿ. ಭುಜದಿಂದ ಬರಲಿ.”

ಬಿಲ್ಲೆಗೆ ಸೂಜಿ ಆನಿಸಿ ತಳ್ಳಿದಳು. ಟಕ್ಕೆಂದು ದಾಟಿತು. ಇನ್ನೊಂದು. ಬೆರಳುಗಳು ತಮ್ಮ ಪಾಡಿಗೆ ನಡುಗುತ್ತಲೇ ಇದ್ದವು, ಸೂಜಿ ಅವುಗಳ ಮಾತು ಕೇಳದೆ ದಾಟುತ್ತಿತ್ತು. ಅವಳಿಗೆ ಅಳು ಬರುವಷ್ಟು ಖುಷಿಯಾಯಿತು.

“ಸೊಟ್ಟ ಬಂತು,” ಎಂದಳು ಸ್ವಲ್ಪ ಹೊತ್ತಿನ ಮೇಲೆ.

“ಬರಲಿ. ಗಾಳಿ ಏನು ಟೇಪು ಹಿಡ್ಕೊಂಡು ಬರುತ್ತಾ?”

ಇಬ್ಬರೂ ಎರಡು ತುದಿಯಿಂದ ಹೊಲಿಯುತ್ತ ಬಂದರು. ಮುದುಕ ಇನ್ನೊಂದು ಹಳೆಯ ಪಟ್ಟಿ ಹಾಕಿಕೊಂಡಿದ್ದ. ತಂಗಿ ಒಂದಷ್ಟು ಫೋಟೊ ತೆಗೆದು, ಆಮೇಲೆ ಫೋನು ಚೀಲಕ್ಕೆ ಹಾಕಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ನೀರು ಏರುವ ಹೊತ್ತಿಗೆ ನಾಲ್ಕು ಜನ ಮೀನುಗಾರರು ಬಂದು ಹಾಯಿಯನ್ನು ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ನಡೆದರು. ಶೆಡ್ಡು ಒಮ್ಮೆಲೇ ದೊಡ್ಡದಾಯಿತು.

“ಈ ಪಟ್ಟಿ ಎಲ್ಲಿ ಸಿಗುತ್ತೆ ಯಜಮಾನ್ರೇ?”

“ನಿಂಗ್ಯಾಕೇ ಅದು?” ಎಂದಳು ತಂಗಿ. “ಅಂಗಡಿ ಮುಚ್ಚೋಳು. ಅದೂ ಅಲ್ದೆ ನಮ್ಮೂರಲ್ಲಿ ಹಾಯಿ ಎಲ್ಲಿದೆ?”

“ಲಾರಿ ಇಲ್ವಾ? ಟಾರ್ಪಾಲು ಹರಿಯಲ್ವಾ?” ಎಂದ ಮುದುಕ. “ಆದ್ರೆ ಇದು ಎಲ್ಲೂ ಸಿಗಲ್ಲಮ್ಮಾ. ಅವರವರ ಕೈಗೆ ಮಾಡ್ಕೋಬೇಕು. ಕೈ ಇಡಿ ಇಲ್ಲಿ.”

ಬೆಂಚಿನ ಮೇಲೆ ಒಂದು ತುಂಡು ತೊಗಲು ಹಾಸಿ, ಕಿವಿಯ ಮೇಲಿಂದ ಸೀಮೆಸುಣ್ಣ ತೆಗೆದ. ಟೈಲರಕ್ಕ ಅಂಗೈ ಊರಿದಳು. ಮುದುಕ ಮಣಿಕಟ್ಟಿನಿಂದ ಗೆರೆ ಶುರುಮಾಡಿ ನಿಲ್ಲಿಸಿದ.

“ಅಲ್ಲಾಡಿಸಬೇಡಿ.”

ಟೈಲರಕ್ಕ ತಂಗಿಯ ಕಡೆ ನೋಡಿದಳು. ಆಮೇಲೆ ಕೈಯ ಕಡೆ.

“ನಾನು ಅಲ್ಲಾಡಿಸ್ತಿಲ್ಲ. ಅದೇ ಅಲ್ಲಾಡುತ್ತೆ. ಒಂದು ವರ್ಷ ಆಯ್ತು. ಕಣ್ಣು ಸರಿಯಾಗೇ ಇದೆ.”

ತಂಗಿ ಹೊಸ್ತಿಲಿನಿಂದ ಎದ್ದು ಬಂದು ಅಕ್ಕನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಅಕ್ಕನ ಮಣಿಕಟ್ಟಿನ ಮೇಲೆ ತನ್ನ ಎರಡೂ ಕೈ ಇಟ್ಟಳು.

“ನಾನು ಹಿಡ್ಕೊಂಡಿರ್ತೀನಿ. ಬರೀರಿ,” ಎಂದಳು.

ಮುದುಕ ಬರೆದ. ಆದರೂ ಗೆರೆ ಅಲ್ಲಲ್ಲಿ ಅಲುಗಿತ್ತು. ಅವನು ತೊಗಲನ್ನು ಬೆಳಕಿಗೆ ಹಿಡಿದು ನೋಡಿ, ಕತ್ತರಿ ಎತ್ತಿಕೊಂಡು, ಗೆರೆಯಿಂದ ಒಂದು ಬೆರಳಗಲ ಹೊರಗೆ, ನಿಧಾನವಾಗಿ ಕತ್ತರಿಸತೊಡಗಿದ.